ನಿಲುಗಡೆ ತೆಗೆದ ದಿನಗಳು

ಗಾಯ ಮಾಯುವುದೆಂದರೆ ನಡೆಯುವುದು. ಚರ್ಮ ಹರಿದ ಕಡೆ, ಅಂಚಿನಲ್ಲಿ ಕೂತಿದ್ದ ಜೀವಕೋಶಗಳು ಜಾಗ ಬಿಟ್ಟು ಏಳುತ್ತವೆ. ಒಂದರ ಬೆನ್ನಿಗೆ ಒಂದು ಹೊರಟು, ಬಯಲಾದ ನೆಲವನ್ನು ಎರಡೂ ದಡದಿಂದ ತುಂಬುತ್ತ ಬಂದು, ನಡುವೆ ಕೂಡಿಕೊಂಡ ಮೇಲೆ ನಿಲ್ಲುತ್ತವೆ. ಕರೆಯದೆ ಹೊರಟು, ನಿಲ್ಲುವುದನ್ನೇ ಮರೆತು ಮೈಯೆಲ್ಲ ಅಲೆಯುವ ಕೋಶಗಳೂ ಇವೆ. ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರು ಮೊದಲ ಗಂಟಿನಿಂದ ಸಾಯುವುದಿಲ್ಲ, ಈ ಅಲೆದಾಟದಿಂದ ಸಾಯುತ್ತಾರೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೆ ಡಾ. ಸುನಂದಾ ಮಮದಾಪುರ ಇದನ್ನೆಲ್ಲ ಬಾಯಲ್ಲಿ ಹೇಳುತ್ತಿರಲಿಲ್ಲ. ಎರಡು ಗಾಜಿನ ಬಟ್ಟಲು ತೆಗೆದು, ಎರಡರಲ್ಲೂ ತಳಕ್ಕೆ ಹಾಸಿಕೊಂಡು ಬೆಳೆದ ಕೋಶಗಳ ಪದರದ ಮೇಲೆ ಸೂಜಿಯಿಂದ ಒಂದೊಂದು ಗೀರು ಎಳೆಯುತ್ತಿದ್ದರು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಬಟ್ಟಲಿನ ಗೀರು ಮುಚ್ಚಿಹೋಗಿರುತ್ತಿತ್ತು. ಇನ್ನೊಂದರ ಗೀರು ನೇಗಿಲ ಸಾಲಿನ ಹಾಗೆ, ಎಳೆದದ್ದು ಎಳೆದ ಹಾಗೇ ಇರುತ್ತಿತ್ತು. ಆ ಎರಡನೆಯ ಬಟ್ಟಲಿನಲ್ಲಿ ನಿಲುಗಡೆ ಇರುತ್ತಿತ್ತು.

ಕೋಶಕ್ಕೆ ಹುಟ್ಟಿನಿಂದ ಬಂದ ಕಾಲಿಲ್ಲ. ನಡೆಯಬೇಕೆಂದಾಗ ಅದು ಕಾಲನ್ನು ಕಟ್ಟಿಕೊಳ್ಳುತ್ತದೆ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಮುಂಭಾಗದಲ್ಲಿ ಹೆಣೆದುಕೊಳ್ಳುತ್ತ ಪಾದ ಚಾಚುತ್ತವೆ. ಹಿಂದೆ ಉಳಿದ ಹಳೆಯ ಎಳೆಗಳನ್ನು ಇನ್ನೊಂದು ಪ್ರೋಟೀನು ಕತ್ತರಿಸಿ, ತುಂಡುಗಳನ್ನು ಮತ್ತೆ ಮುಂದಕ್ಕೆ ಒದಗಿಸುತ್ತದೆ. ಹಿಂದಿನದನ್ನು ಕಳಚದೆ ಮುಂದಿನದನ್ನು ಕಟ್ಟುವ ಹಾಗಿಲ್ಲ. ನಿಲುಗಡೆ ಎಂಬ ಮದ್ದು ಆ ಕತ್ತರಿಯನ್ನು ಹಿಡಿದು ಕೂಡುತ್ತದೆ. ಕೋಶವನ್ನು ಅದು ಕೊಲ್ಲುವುದಿಲ್ಲ, ಇದ್ದಲ್ಲಿಯೇ ಇರಿಸುತ್ತದೆ. ಗಂಟು ಬೆಳೆಯದಂತೆ ಮಾತ್ರೆ, ಹರಡದಂತೆ ನಿಲುಗಡೆ. ಹೀಗೆ ಎದೆಯಲ್ಲೊಂದು ಕಲ್ಲು ಇಟ್ಟುಕೊಂಡೇ ಜನ ಹತ್ತಾರು ವರ್ಷ ಬದುಕಲು ಕಲಿತರು.

ಆದರೆ ಕೆಟ್ಟವಕ್ಕೊಂದು ಕಾಲು, ಒಳ್ಳೆಯವಕ್ಕೊಂದು ಕಾಲು ಎಂದು ದೇವರು ಬೇರೆಬೇರೆ ಮಾಡಿರಲಿಲ್ಲ. ನಿಲುಗಡೆಯವರ ಮೈಮೇಲೆ ಆದ ಗಾಯ ಮಾಯುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟುತ್ತಿತ್ತು, ನೋವು ತಗ್ಗುತ್ತಿತ್ತು, ಚರ್ಮ ಮಾತ್ರ ಕೂಡಿಕೊಳ್ಳುತ್ತಿರಲಿಲ್ಲ. ಸೋಂಕಿನ ಮೇಲೆ ಬೀಳುವ ಬಿಳಿಯ ರಕ್ತಕಣಗಳು ಬೇರೆ ಬಗೆಯಲ್ಲಿ ತೆವಳುವುದರಿಂದ ಅವಕ್ಕೆ ಪೂರ್ತಿ ತಡೆಯಿರಲಿಲ್ಲ, ಆದರೆ ಅವೂ ತಡವಾಗಿ ಬರುತ್ತಿದ್ದವು. ಹಾಗಾಗಿ ಅಂಥವರಿದ್ದ ಮನೆಗಳಲ್ಲಿ ಈಳಿಗೆಮಣೆ ಅಟ್ಟ ಸೇರಿತು. ಗಾಜಿನ ಬಳೆ ಹೋಗಿ ಪ್ಲಾಸ್ಟಿಕ್ ಬಳೆ ಬಂತು. ಅಜ್ಜಿಯ ತೊಡೆಯೇರುವ ಮೊದಲು ಮಕ್ಕಳು ಉಗುರು ತೋರಿಸಬೇಕಾಯಿತು. ಗುಲಾಬಿ ಗಿಡಗಳನ್ನು ನೆರೆಯವರಿಗೆ ಕೊಟ್ಟರು.

ನಿಲುಗಡೆ ಹಾಕಿಸಿಕೊಂಡಿದ್ದ ನೀಲವ್ವನ ಮನೆಯಲ್ಲಿ ಇಷ್ಟರಿಂದ ಮುಗಿಯಲಿಲ್ಲ. ಇಳಕಲ್ಲಿನಿಂದ ಮೂಡಣಕ್ಕೆ, ಶ್ರೀಶೈಲಕ್ಕೆ ಹೋಗುವ ಕಾಲುದಾರಿಯ ಮೇಲೆ ಆ ಮನೆ ಇತ್ತು. ಯುಗಾದಿಗೆ ಮುಂಚಿನ ಉರಿಬಿಸಿಲಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಜನ ಗುಂಪುಗುಂಪಾಗಿ, ಹೆಗಲ ಮೇಲೆ ಹರಕೆಯ ಕಾವಡಿಯಾದ ಕಂಬಿ ಹೊತ್ತು, ಬರಿಗಾಲಲ್ಲಿ ಶ್ರೀಶೈಲದ ದೇವರು ಮಲ್ಲಯ್ಯನ ಕಡೆ ನಡೆಯುತ್ತಾರೆ. ದಾರಿಯ ಮನೆಗಳವರು ಅವರಿಗೆ ಊಟ ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ. ನೀಲವ್ವನ ಮನೆಯವರದು ಕಾಲಿನ ಸೇವೆ. ಬಿಸಿನೀರಿಗೆ ಉಪ್ಪು, ಬೇವಿನ ಸೊಪ್ಪು ಹಾಕಿ ನಡೆದವರ ಕಾಲು ತೊಳೆಯುವುದು, ಅಂಗಾಲಿನ ಗುಳ್ಳೆಗೆ ಸೂಜಿದಾರ ಪೋಣಿಸಿ ನೀರು ಇಳಿಯಲೆಂದು ದಾರವನ್ನು ಅಲ್ಲೇ ಬಿಡುವುದು, ಮೇಲೆ ಔಡಲೆಣ್ಣೆ ಹಚ್ಚುವುದು. ಆ ದಿನಗಳಲ್ಲಿ ಮನೆಯ ಬಾಗಿಲು ಮುಚ್ಚುವಂತಿಲ್ಲ. ಹೀಗಾಗಿ ಸಾವಿರಾರು ಕಾಲು ತೊಳೆದ ಆ ಮನೆಯ ಹೆಣ್ಣುಮಕ್ಕಳು ಒಬ್ಬರೂ ಎಂದೂ ಮಲ್ಲಯ್ಯನ ಬೆಟ್ಟಕ್ಕೆ ನಡೆದಿರಲಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ನೀರು ನಡೆದುಬಂದವರ ಕಾಲಿಗೆ ಬೀಳುವ ಮೊದಲು ಮನೆಯ ಹಿರಿಯ ಹೆಂಗಸಿನ ಕೈ ಅದರಲ್ಲಿ ಮುಳುಗಬೇಕು. ಕಾಲಿಗೆ ತಾಗುವ ಬಿಸಿ ಮೊದಲು ನಮ್ಮ ಕೈಗೆ ತಾಗಲಿ ಎಂದು ಯಾರೋ ಹಿಂದಿನವರು ಇಟ್ಟ ನೇಮ. ನಿಲುಗಡೆ ಹಾಕಿಸಿಕೊಂಡ ಮೇಲೆ ಎಂಟು ವರ್ಷ ನೀಲವ್ವನ ಕೈ ಬಟ್ಟೆಯ ಕೈಗವಸಿನೊಳಗೇ ಇತ್ತು. ಆ ಕೆಲಸವನ್ನು ಸೊಸೆ ದಾನಮ್ಮ ಮಾಡುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂತು ಬಂದವರ ಊರು, ಮಳೆ, ಮಕ್ಕಳು ಎಂದು ವಿಚಾರಿಸುತ್ತಿದ್ದಳು.

ಆ ವರ್ಷದ ಮೊದಲ ಗುಂಪು ಬಂದಾಗ ದಾನಮ್ಮ ಹಂಡೆಯಿಂದ ಕುದಿಯುವ ನೀರನ್ನು ಬೋಗಾಣಿಗೆ ತೋಡಿ, ತಣ್ಣೀರಿಗೆಂದು ಹಿತ್ತಲಿಗೆ ಹೋದಳು. ವರ್ಷವರ್ಷವೂ ಬರುವ ಮುದುಕನೊಬ್ಬ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ.

"ಏನ ನೀಲವ್ವ, ಈ ಸಲಾನೂ ಸೊಸಿ ಕೈಲೆ ಮುಗಸ್ತಿ? ನಿನ್ನ ಕೈ ಏನ್ ಅಡವು ಇಟ್ಟೀಯೇನ?"

"ಕೈ ಐತಪಾ ಯಣ್ಣಾ. ಚೀಲದಾಗ ಹಾಕಿ ಕಟ್ಟ್ಯಾರ, ಬೆಲ್ಲದಂಗ."

ನಗುನಗುತ್ತಲೇ ಕೈಗವಸು ಕಳಚಿದಳು. ಬೋಗಾಣಿ ಎದುರಿಗಿತ್ತು, ಕಾಲು ಎದುರಿಗಿತ್ತು. ಮನೆಯ ಹಿರಿಯಳಾದಂದಿನಿಂದ ರೂಢಿಯಾದ ಕೈ ತಾನಾಗಿ ನೀರಿಗಿಳಿಯಿತು.

ಹಿತ್ತಲಿನಿಂದ ಬಂದ ದಾನಮ್ಮನ ಕೈಯಿಂದ ತಣ್ಣೀರಿನ ಕೊಡ ಜಾರಿ ಅಂಗಳದ ತುಂಬ ಹರಿಯಿತು.

*

ಆಸ್ಪತ್ರೆಯ ನಿಗಾ ಕೋಣೆಯಲ್ಲಿ ಗೋಡೆಯಗಲಕ್ಕೂ ಪರದೆಗಳಿದ್ದವು. ನಿಲುಗಡೆಯವರ ಹೆಗಲೆಲುಬಿನ ಕೆಳಗೆ, ಚರ್ಮದೊಳಗೆ, ಅಂಗಿಯ ಗುಂಡಿಯಷ್ಟು ದೊಡ್ಡ ಉಪಕರಣವೊಂದಿರುತ್ತದೆ, ಅದನ್ನು ಗುಂಡಿ ಎಂದೇ ಕರೆಯುತ್ತಾರೆ. ಮದ್ದನ್ನು ಹನಿಸುವುದು ಅದೇ, ರಕ್ತದಲ್ಲಿ ಹಾದುಹೋಗುವ ಅಲೆಮಾರಿ ಕೋಶಗಳನ್ನು ಗುರುತಿಸಿ, ಜೊತೆಗಿರುವ ಫೋನಿನ ಮೂಲಕ ಕೋಣೆಗೆ ತಿಳಿಸುವುದೂ ಅದೇ. ಕೋಣೆಯಿಂದ ಆಜ್ಞೆ ಹೋದರೆ ಅದು ಮದ್ದು ನಿಲ್ಲಿಸುತ್ತದೆ. ಅದಕ್ಕೆ ಬಿಡುವು ಎನ್ನುತ್ತಾರೆ. ಬಿಡುವಿನಲ್ಲಿ ಗಾಯ ಮಾಯುತ್ತದೆ. ಗಾಯದ ಕೋಶಗಳಿಗೆ ತೆರೆದ ದಾರಿ ಗಂಟಿನ ಕೋಶಗಳಿಗೂ ತೆರೆದಿರುತ್ತದೆ. ಹಾಗಾಗಿ ಜೀವಕ್ಕೆ ಬಂದಾಗಲ್ಲದೆ ಬಿಡುವು ಕೊಡುತ್ತಿರಲಿಲ್ಲ.

ಆಸ್ಪತ್ರೆಗೆ ಸೇರಿದ ನೀಲವ್ವನ ಬೆಂದ ಬಲಗೈಯನ್ನು ಸುನಂದಾ ದಿನವೂ ನೋಡಿದರು. ಎಂಥ ಮುಲಾಮಿಗೂ ಅಂಚು ಒಳಗೆ ಸರಿಯಲಿಲ್ಲ, ಪ್ರಯೋಗಾಲಯದ ಎರಡನೆಯ ಬಟ್ಟಲಿನ ಹಾಗೆ. ಆಮೇಲೆ ಮೊಣಕೈಯ ಕಡೆಗೆ ಕೆಂಪು ಗೆರೆ ಏರತೊಡಗಿತು, ಜ್ವರ ಬಂತು.

"ನೀಲವ್ವಾರ, ಇನ್ನ ಬಿಡುವು ಕೊಡಬೇಕ್ರಿ," ಎಂದರು ಸುನಂದಾ. "ಕೊಟ್ರ ಕೈ ಮಾಯತೈತಿ. ಎದಿಯೊಳಗಿನವೂ ಎದ್ದು ಹೊಂಡಬಹುದು. ಕೊಡಲಿಲ್ಲಂದ್ರ ಈ ವಿಷ ಮ್ಯಾಲ ಏರತೈತಿ. ಎರಡೂ ನಿಮ್ಮ ಮುಂದ ಇಟ್ಟೀನಿ."

"ಎದಿಯೊಳಗಿನವು ಎಂಟು ವರ್ಷ ಕುಂತಾವಲ್ರಿ ಬಾಯಾರ. ಕಾಲು ಜೋಮು ಹಿಡದಿರತಾವ. ಲಗೂನ ಏಳೂದಿಲ್ಲ ತಗೋರಿ."

ಸುನಂದಾರಿಗೆ ನಗು ಬರಲಿಲ್ಲ. ಹಾಸಿಗೆಯ ಕಾಲಬದಿಗೆ ನಿಂತ ದಾನಮ್ಮ ಸೆರಗು ಬಾಯಿಗೊತ್ತಿಕೊಂಡಳು. "ನಾ ತಣ್ಣೀರು ಮೊದಲ ಹಾಕಿದ್ರ..."

"ನೀ ಸುಮ್ನಿರ. ನೀರೇನ್ ಹಾರಿ ಬಂದು ಕೈಮ್ಯಾಲ ಬಿತ್ತೇನ? ನಾ ಹಾಕಿದೆ ಕೈಯಿ." ಆಮೇಲೆ ವೈದ್ಯೆಯ ಕಡೆ ತಿರುಗಿದಳು. "ಬಿಡುವು ಎಷ್ಟು ದಿನ ಇರತೈತ್ರಿ?"

"ಚರ್ಮ ಪೂರಾ ಮುಚ್ಚೂತನಕ. ಹದಿನೈದಿಪ್ಪತ್ತು ದಿನ ಆಗಬಹುದು."

"ಅಷ್ಟರಾಗ ಮೈಮ್ಯಾಲ ಬ್ಯಾರೆ ಗಾಯ ಆದ್ರ ಅವೂ ಮಾಯತಾವೇನ್ರಿ?"

"ಮಾಯತಾವ. ಯಾಕ್ರಿ, ಮತ್ತೆಲ್ಲಿ ಕೈ ಹಾಕಬೇಕಂತೀರಿ?"

"ಏ, ಸುಮ್ಮ ಕೇಳಿದೆ."

ಬಿಡುವು ಕೊಟ್ಟರು. ಬಿಳಿಯ ಕಣಗಳು ಓಡಿಬಂದವು, ಜ್ವರ ಇಳಿಯಿತು. ಕೈಯ ಅಂಚಿನಲ್ಲಿ ತೆಳ್ಳಗೆ, ಮುತ್ತಿನ ಬಣ್ಣದ ಹೊಸ ಚರ್ಮದ ಗೆರೆ ಮೂಡಿತು. ಮನೆಯಲ್ಲೇ ಇರಿ, ಧೂಳಿಗೆ ಹೋಗಬೇಡಿ, ದಿನವೂ ಕೈಯ ಫೋಟೋ ಕಳಿಸಿ, ಚರ್ಮ ಮುಚ್ಚಿದ ದಿನ ಇಲ್ಲಿಂದಲೇ ನಿಲುಗಡೆ ಹಾಕುತ್ತೇವೆ ಎಂದು ಹೇಳಿ ಸುನಂದಾ ಅವಳನ್ನು ಊರಿಗೆ ಕಳಿಸಿದರು.

*

ದಾರಿಯಲ್ಲಿ ಕೊನೆಯ ಗುಂಪುಗಳಷ್ಟೇ ಉಳಿದಿದ್ದವು. ಬೆಳಗಿನಲ್ಲಿ ಒಂದು ಗುಂಪು ಕಾಲು ತೊಳೆಸಿಕೊಂಡು ಎದ್ದಾಗ, ನೀಲವ್ವ ಒಳಗಿನಿಂದ ಒಂದು ಗಂಟು ಹಿಡಿದುಕೊಂಡು ಬಂದಳು.

"ಅತ್ತಿ, ಎಲ್ಲಿಗೆ?"

"ಅಳಿಯನ ಮನಿಗೆ."

ಆ ಸೀಮೆಯವರು ಶ್ರೀಶೈಲದ ಅಮ್ಮನನ್ನು ತಮ್ಮ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಕರೆಯುತ್ತಾರೆ. ದಾನಮ್ಮನಿಗೆ ಅರ್ಥವಾಗಲು ತಡವಾಗಲಿಲ್ಲ.

"ತಲಿ ಕೆಟ್ಟೈತೇನ್ರಿ? ಡಾಕ್ಟರ್ ಏನ್ ಹೇಳ್ಯಾರ?"

"ಈಗ ಆದ ಗಾಯ ಮಾಯತಾವಂತ ಹೇಳ್ಯಾರ. ನಲವತ್ತು ವರ್ಷ ಮಂದಿ ಕಾಲಾಗಿನ ಧೂಳಾ ತೊಳದೀನಿ. ಆ ಧೂಳಾ ನನ್ನ ಕಾಲಿಗೆ ಒಮ್ಮೆನೂ ಹತ್ತಿಲ್ಲ. ಇನ್ನೊಮ್ಮಿ ನಿಲುಗಡಿ ಹಾಕಿದ್ರಂದ್ರ ಹತ್ತೂದೂ ಇಲ್ಲ. ಈ ಮೈಯಿಗೆ ಈಗೊಂದು ಸೂಟಿ ಕೊಟ್ಟಾರ. ಅದನ್ನ ಮಂಚದ ಮ್ಯಾಲ ಕಳೀಲೇನ?"

"ಒಳಗಿನವು ಎದ್ದುವಂದ್ರ?"

"ಮಂಚದ ಮ್ಯಾಲ ಮಲಗಿದ್ರ ಏಳೂದಿಲ್ಲಂತ ಬರಕೊಟ್ಟಾರೇನ?"

ದಾನಮ್ಮ ಒಳಗೆ ಹೋಗಿ ಗಂಡ ಪಂಪಣ್ಣನೊಡನೆ ಏನೋ ಗಟ್ಟಿದನಿಯಲ್ಲಿ ಮಾತಾಡಿದಳು. ಅವನ ದನಿಯೂ ಏರಿತು, ಆಮೇಲೆ ಇಳಿಯಿತು. ಹೊರಗೆ ಬಂದಾಗ ಅವಳ ಕಂಕುಳಲ್ಲಿ ಆಸ್ಪತ್ರೆಯ ಔಷಧದ ಚೀಲವಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಾಗಿಲಾ ಅವರು ಕಾಯತಾರ. ನಡೀರಿ ಮತ್ತ. ಹಾದ್ಯಾಗ ಕುಂತು ಅತ್ತ್ರ ನಾ ಹೊರೂದಿಲ್ಲ ನೋಡ್ರಿ."

*

"ಮೇಡಂ, ನಮ್ಮ ನೀಲವ್ವಾರು ನಡ್ಯಾಕತ್ತಾರ," ಎಂದ ಇಮ್ತಿಯಾಜ್. ನಿಗಾ ಕೋಣೆಯ ಪರದೆಗಳನ್ನು ನೋಡಿಕೊಳ್ಳುವವನು ಅವನೇ. ನಕಾಶೆಯ ಮೇಲೆ ಒಂದು ಚುಕ್ಕಿ ಇಳಕಲ್ಲನ್ನು ಬಿಟ್ಟು ದೂರ, ರಾಯಚೂರಿನ ದಾರಿಯಲ್ಲಿತ್ತು. "ಬಸ್ಸಿನ್ಯಾಗಿಲ್ಲ. ಬಸ್ಸಿನ್ಯಾಗಿದ್ರ ಇಷ್ಟು ನಿಧಾನ ಹೋಗಲ್ಲ. ನಮ್ಮ ಸಾರಿಗಿ ಬಸ್ಸಾದ್ರೂ."

ಸುನಂದಾ ಫೋನು ಮಾಡಿದರು. ಬೈಯಬೇಕೆಂದೇ ಮಾಡಿದ್ದು. ಆ ಕಡೆಯಿಂದ ಮೊದಲು ಕೇಳಿದ್ದು ಬಹಳ ಜನರ ಹೆಜ್ಜೆಯ ಸಪ್ಪಳ. ಅದರ ನಡುವೆ ಮುದಿದನಿಯೊಂದು ಪದ್ಯದ ಸಾಲು ಹೇಳುತ್ತಿತ್ತು, ಸಾಲಿನ ಕೊನೆಯನ್ನು ಹತ್ತಿಪ್ಪತ್ತು ಗಂಟಲುಗಳು ಎತ್ತಿಕೊಂಡು ಮುಂದಿನ ಹೆಜ್ಜೆಗೆ ದಾಟಿಸುತ್ತಿದ್ದವು.

"ನೀಲವ್ವಾರ, ಏನಿದು? ನಾನು ಈಗ ಇಲ್ಲಿಂದಲೇ ನಿಲುಗಡಿ ಹಾಕಬಹುದು, ಗೊತ್ತೈತಿಲ್ಲೋ?"

"ಗೊತ್ತೈತ್ರಿ ಬಾಯಾರ. ಕಾಲಾಗ ಆಗಲೇ ಎರಡು ಗುಳ್ಳಿ ಆಗ್ಯಾವ. ಈಗ ಹಾಕಿದ್ರ ಅವು ನನ್ನ ಸಂಗಡನ ಉಳೀತಾವ. ನಿಮಗ ಹೆಂಗ ತಿಳೀತೈತಿ ಹಂಗ ಮಾಡ್ರಿ. ನಾ ಏನ್ ಅನ್ನೂದಿಲ್ಲ."

ಫೋನಿಟ್ಟು ಸುನಂದಾ ಪರದೆಯ ಮುಂದೆ ಕೂತರು. ರಕ್ತದ ಗೆರೆ ಸಪಾಟಾಗಿತ್ತು, ಅಲೆಮಾರಿಗಳ ಸುಳಿವಿಲ್ಲ. ಕೈಯ ಚರ್ಮ ಇನ್ನೂ ಪೂರ್ತಿ ಕೂಡಿರಲಿಲ್ಲವಾದ್ದರಿಂದ ಹೇಗಿದ್ದರೂ ಬಿಡುವು ಮುಂದುವರಿಯಬೇಕಿತ್ತು. ಅವಳು ಮಂಚದ ಮೇಲಿದ್ದರೂ ದಾರಿಯ ಮೇಲಿದ್ದರೂ ಒಳಗಿನ ಕೋಶಗಳಿಗೆ ಅದೇನೂ ತಿಳಿಯುವುದಿಲ್ಲ. ಇದೆಲ್ಲ ಸರಿಯಾದ ತರ್ಕವೇ. ಆದರೂ ತಾನು ತರ್ಕವನ್ನು ಹುಡುಕಿಕೊಂಡು ಹೋದದ್ದು ಆ ಹೆಜ್ಜೆಯ ಸಪ್ಪಳ ಕೇಳಿದ ಮೇಲೆ ಎಂಬುದು ಅವರಿಗೆ ಗೊತ್ತಿತ್ತು.

"ಬಿಡುವು ಇರಲಿ," ಎಂದರು. "ಈ ಗೆರೆ ಅಲುಗಿದ್ರ ನಾ ಎಲ್ಲೇ ಇರಲಿ, ನನಗ ಹೇಳು."

*

ನೀಲವ್ವ ನಡೆದಳು. ಬೆಳಗಿನ ತಂಪಿನಲ್ಲಿ ನಡೆದು, ಮಧ್ಯಾಹ್ನ ಬೇವಿನ ಮರದಡಿಯಲ್ಲೋ ಯಾರದೋ ಪಡಸಾಲೆಯಲ್ಲೋ ಬಿದ್ದುಕೊಂಡು, ಬಿಸಿಲು ತಗ್ಗಿದ ಮೇಲೆ ಮತ್ತೆ ನಡೆದಳು. ಮೊದಮೊದಲು ಅಂಗಾಲು ಕೆಂಡವಾಯಿತು, ಆಮೇಲೆ ಕಾಲು ತನ್ನದೆಂಬುದೇ ಮರೆಯಿತು. ತೆಲುಗು ಮಾತಿನ ಊರುಗಳು ಬಂದವು. ಒಂದೂರಲ್ಲಿ ಅವಳಿಗಿಂತ ಹಿರಿಯಳಾದ ಹೆಂಗಸೊಬ್ಬಳು ನೀರು ತಂದು ಕಾಲಿಗೆ ಕೈ ಹಾಕಿದಾಗ ನೀಲವ್ವ ಬೆಚ್ಚಿ ಕಾಲೆಳೆದುಕೊಂಡಳು.

"ಕೊಡ್ರಿ ಅತ್ತಿ," ಎಂದಳು ದಾನಮ್ಮ ಮೆಲ್ಲಗೆ. "ನಿಮಗ ಯಾರಾದ್ರೂ ಕಾಲು ಎಳಕೊಂಡ್ರ ಹೆಂಗ ಆಗತಿತ್ತು?"

ನೀಲವ್ವ ಕಾಲು ಕೊಟ್ಟಳು. ಆ ಹೆಂಗಸು ತಿಕ್ಕುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದಳು. ಮರುದಿನ ನೋಡಿದರೆ ಮೊದಲ ಗುಳ್ಳೆಗಳ ಜಾಗದಲ್ಲಿ ಗಟ್ಟಿಯಾದ ಹೊಸ ಚರ್ಮ ಬಂದಿತ್ತು. ಎಳೆಯ ಮಗುವಿನ ಕಾಲು ತಡವುವಂತೆ ಅದನ್ನು ಬೆರಳಿನಿಂದ ತಡವುತ್ತ ಬಹಳ ಹೊತ್ತು ಕೂತಳು. ಕೈಗಾದರೆ ಆಸ್ಪತ್ರೆಯ ಮುಲಾಮಿತ್ತು; ಎಂಟು ವರ್ಷದಲ್ಲಿ ಅವಳ ಮೈ ತನ್ನಷ್ಟಕ್ಕೆ ತಾನು ಮಾಡಿಕೊಂಡ ಕೆಲಸ ಇದೊಂದೇ.

ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಕಾಡು. ಕಾಡು ಹೊಗುವಲ್ಲಿ ಒಂದು ಛತ್ರವಿದೆ, ಅಲ್ಲಿ ಗುಂಪುಗಳು ನೀರು ತುಂಬಿಕೊಳ್ಳುತ್ತವೆ. ಅಲ್ಲಿಂದ ಬೆಟ್ಟದ ನೆತ್ತಿಯವರೆಗೆ ಕಲ್ಲಿನ ಇಳಿಜಾರು, ಏರು, ಭೀಮನ ಕೊಳ್ಳ. ಎರಡು ದಿನದ ಆ ದಾರಿಯಲ್ಲಿ ಫೋನಿಗೆ ಸಿಗ್ನಲ್ಲಿಲ್ಲ.

ಛತ್ರದ ಕಟ್ಟೆಯ ಮೇಲೆ ಕೂತಿದ್ದಾಗ ಸುನಂದಾರ ಕರೆ ಬಂತು. ಅವರ ದನಿಯಲ್ಲಿ ಈ ಸಲ ಬೈಗುಳವಿರಲಿಲ್ಲ.

"ನೀಲವ್ವಾರ, ಎದ್ದಾವ್ರಿ."

"ಬಾಳ ಅದಾವೇನ್ರಿ?"

"ಬಾಳ ಇಲ್ಲ. ಮುಂಜಾನಿಯಿಂದ ರಕ್ತದಾಗ ಕಾಣಾಕತ್ತಾವ. ಈಗ ನಿಲುಗಡಿ ಹಾಕಿದ್ರ ನಾಳಿಗೆ ಎಲ್ಲಾ ನಿಲ್ಲತಾವ. ಕೈ ಮುಚ್ಚೇತಿ, ಅದರ ಚಿಂತಿ ಇಲ್ಲ. ಆದ್ರ ನೀವು ಕಾಡಿನ್ಯಾಗ ಹೊಕ್ಕ್ರ ನನ್ನ ಆಜ್ಞಾ ಗುಂಡಿಗೆ ಮುಟ್ಟೂದಿಲ್ಲ. ಎರಡು ದಿನ ಅವು ಹೊಂಡಕೋತನ ಇರತಾವ. ನಾ ಹೇಳೂದು ಇಷ್ಟ. ಈಗ ಹಾಕತೀನಿ, ನೀವು ಆತ್ಮಕೂರಿಂದ ಬಸ್ಸು ಹಿಡದು ಊರಿಗೆ ಬರ್ರಿ. ಕಾಲು ಈಗ ಹೆಂಗ ಅದಾವ?"

"ಮೊದಲಿನವು ಮಾದಾವ. ಎಡಗಾಲಾಗ ಒಂದು ಹೊಸಾದು ಐತಿ. ದಾನಮ್ಮ ದಾರ ಹಾಕ್ಯಾಳ."

"ಒಂದ ಅಲ್ಲೇನು? ಒಂದನ್ನ ಹೆಂಗರೆ ಕಾಯಬಹುದು. ಬರ್ರಿ."

ಎದುರಿಗೆ ಗುಂಪು ಎದ್ದು ನಿಂತಿತ್ತು. ಕಂಬಿ ಹೊತ್ತವನು ಹೆಗಲು ಬದಲಿಸಿದ. ಪದ್ಯ ಹೇಳುವ ಮುದುಕ ಮೊದಲ ಸಾಲು ಎತ್ತಿದ.

"ಹಾಕ್ರಿ ಬಾಯಾರ, ನಿಲುಗಡಿ," ಎಂದಳು ನೀಲವ್ವ. "ನನಗ ಜೀವ ಬೇಕು. ಮೊಮ್ಮಕ್ಕಳನ್ನ ನೋಡಬೇಕು, ಸೊಸಿ ಸಂಗಡ ಜಗಳಾಡಬೇಕು. ಈಗ ಹಾಕ್ರಿ. ಹಾಕಿದಿರಿ ಅಂತ ಹೇಳ್ರಿ, ಆಮ್ಯಾಲ ನಾ ಒಳಗ ಹೋಗತೀನಿ."

"ಒಳಗ? ನೀಲವ್ವಾರ, ನಿಲುಗಡಿ ಬಿದ್ದ ಮ್ಯಾಲ ಆ ಕಲ್ಲಿನ ಹಾದ್ಯಾಗ ನಡದ್ರ ಕಾಲು ಹರದು ಹೋಗತಾವ. ಅವು ಮಾಯೂದಿಲ್ಲ. ಎಂದೂ ಮಾಯೂದಿಲ್ಲ."

"ತಿಳದೀನ್ರಿ."

"ಅತ್ತಿ!" ಎಂದು ದಾನಮ್ಮ ಫೋನಿಗೆ ಕೈ ಹಾಕಿದಳು. ನೀಲವ್ವ ಆ ಕೈಯನ್ನು ಹಿಡಿದುಕೊಂಡಳು. ಹೊಸ ಚರ್ಮದ ಕೈ ಬೆಚ್ಚಗಿತ್ತು.

"ಬಾಯಾರ, ಮೈಯಾಗ ಇರೂದನ್ನೆಲ್ಲಾ ಕಾದು ಇಟ್ಟೀನಿ, ಎಂಟು ವರ್ಷ. ಜೀವ ಕೊಡಾಕ ಮನಸಿಲ್ಲ, ಅಷ್ಟು ದೊಡ್ಡಾಕಿ ನಾ ಅಲ್ಲ. ಕಾಲು ಕೊಡತೀನಿ. ಅಷ್ಟು ಕೊಡಾಕ ನನಗ ಆಗತೈತಿ."

ನಿಗಾ ಕೋಣೆಯಲ್ಲಿ ಇಮ್ತಿಯಾಜ್ ಸುನಂದಾರ ಮುಖ ನೋಡುತ್ತಿದ್ದ. ಸುನಂದಾ ಬಗ್ಗಿ ತಾವೇ ಆಜ್ಞೆ ಕೊಟ್ಟರು. ಗುಂಡಿ ಮದ್ದು ಹನಿಸತೊಡಗಿದ ಗುರುತು ಪರದೆಯ ಮೇಲೆ ಬಂತು.

"ಹಾಕೀನ್ರಿ," ಎಂದರು.

ಚುಕ್ಕಿ ಸ್ವಲ್ಪ ದೂರ ಸರಿದು, ಹಸಿರಿನ ಅಂಚಿನಲ್ಲಿ ಮಾಯವಾಯಿತು.

*

ಆ ಎರಡು ದಿನ ಸುನಂದಾ ಬೇರೆ ಕೆಲಸ ಮಾಡಿದರು. ಪ್ರಯೋಗಾಲಯದಲ್ಲಿ ಗೀರೆಳೆದ ಬಟ್ಟಲುಗಳಿದ್ದವು. ಚರ್ಮದ ಕೋಶಗಳಿಗೆ ಮಾತ್ರ ಬಿಡುವು ಕೊಡುವ, ಹಚ್ಚಿದ ಕಡೆಯಷ್ಟೇ ಕೆಲಸ ಮಾಡುವ ಮುಲಾಮಿಗಾಗಿ ಅವರು ವರ್ಷಗಳಿಂದ ಹುಡುಕುತ್ತಿದ್ದರು. ಆ ವಾರದ ಬಟ್ಟಲುಗಳಲ್ಲೂ ಅದು ಸಿಗಲಿಲ್ಲ. ಹಚ್ಚಿದ ಮದ್ದು ಸೋರಿ ಪಕ್ಕಕ್ಕೆ ಹರಿಯುತ್ತಿತ್ತು, ಅಲ್ಲಿದ್ದ ಕ್ಯಾನ್ಸರ್ ಕೋಶಗಳು ಪಾದ ಚಾಚುತ್ತಿದ್ದವು. ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಮತ್ತೆ ಮತ್ತೆ ನಿಗಾ ಕೋಣೆಗೆ ಹೋಗಿ ಬಂದರು. ಇಮ್ತಿಯಾಜ್ ಇಲ್ಲವೆಂದು ತಲೆಯಾಡಿಸುತ್ತಿದ್ದ. ಒಮ್ಮೆ ಮಾತ್ರ, "ನಮ್ಮ ಅಮ್ಮೀನೂ ಹಿಂಗ ಮೇಡಂ, ಉರುಸಿಗೆ ನಡಕೊಂಡ ಹೋಗತೀನಂತ ಹಟ ಹಿಡೀತಾಳ. ಮೊಣಕಾಲು ನೆಟ್ಟಗಿಲ್ಲ," ಎಂದ.

ಮೂರನೆಯ ದಿನ ಬೆಳಿಗ್ಗೆ ಚುಕ್ಕಿ ಬೆಟ್ಟದ ನೆತ್ತಿಯ ಮೇಲೆ ಮೂಡಿತು. ರಕ್ತದ ಗೆರೆ ಸಪಾಟಾಗಿತ್ತು.

ದಾನಮ್ಮ ಫೋನೆತ್ತಿಕೊಂಡಳು. "ಬಂದ್ವಿರಿ ಬಾಯಾರ," ಎಂದಳು. ಮೂಗೆಳೆದುಕೊಂಡದ್ದು ಕೇಳಿತು. "ಅತ್ತಿ ಕಾಲು ನೆಲಕ್ಕ ಇಡಾಕ ಬರವಲ್ದ್ರಿ. ನಾ ಬಟ್ಟಿ ಸುತ್ತೇನಿ. ಬಟ್ಟಿ ತಗದು ನೋಡಾಕ ನನಗ ಧೈರ್ಯ ಇಲ್ಲ."

"ತೆಗೀಬ್ಯಾಡ. ಹಂಗ ಇರಲಿ. ಅವರಿಗೆ ಕೊಡು."

"ಬಾಯಾರ," ಎಂದಳು ನೀಲವ್ವ. ದನಿ ಸೋತಿತ್ತು, ಆದರೆ ತಿಳಿಯಾಗಿತ್ತು. "ಅವು ಹೊಂಟಿದ್ದುವಲ್ಲ, ಏನಾತ್ರಿ?"

"ನಿಂತಾವ್ರಿ. ಒಂದೂ ನಡ್ಯಾಕತ್ತಿಲ್ಲ."

"ಎಲ್ಲಿ ನಿಂತಾವ?"

ಸುನಂದಾ ಸುಳ್ಳು ಹೇಳಲಿಲ್ಲ. "ಅದು ಈ ಯಂತ್ರಕ್ಕ ಕಾಣೂದಿಲ್ಲ. ಎದ್ದವು ಎಲ್ಲೋ ಸೇರ್ಯಾವ. ಪುಪ್ಪುಸದಾಗ ಇರಬಹುದು, ಎಲುವಿನ್ಯಾಗ ಇರಬಹುದು. ನಿಲುಗಡಿ ಇರೂತನಕ ಅಲ್ಲೇ ಇರತಾವ, ಏಳೂದಿಲ್ಲ."

"ಅಂದ್ರ ನನಗ ಇನ್ನ ಬಿಡುವಿಲ್ಲ."

"ಕೊಡಾಕ ಬರೂದಿಲ್ಲ ನೀಲವ್ವಾರ. ಕೊಟ್ಟರ ಈ ಸಲ ಎಲ್ಲಾ ಕಡಿಂದ ಏಳತಾವ."

"ಹೂಂ," ಎಂದಳು ನೀಲವ್ವ. ಗಂಟೆಯ ಸದ್ದು, ಯಾರೋ ಮಗುವನ್ನು ಕರೆಯುವ ಸದ್ದು, ಕನ್ನಡವೂ ತೆಲುಗೂ ಬೆರೆತ ಗದ್ದಲ ಅವಳ ಮಾತಿನ ಜಾಗವನ್ನು ತುಂಬಿತು. "ಇಲ್ಲಿ ಎಲ್ಲಾರೂ ಒಳಗ ಹೋಗಿ ಲಿಂಗಕ್ಕ ಕೈ ಮುಟ್ಟಿಸಿ ಬರಾಕತ್ತಾರ್ರಿ. ದಾನಮ್ಮ ಹೊತ್ತಗೊಂಡು ಹೋಗತೀನಂತಾಳ. ಹೊರೂದಿಲ್ಲಂದಿದ್ಲು. ಸಾಲು ಬಾಳ ಉದ್ದ ಐತಿ. ಫೋನ್ ಇಡಲೇನ್ರಿ?"

"ಇಡ್ರಿ. ನೀವು ಊರಿಗೆ ಹೋದ ಕೂಡ್ಲೇ ನಾ ಬಂದು ಕಾಲು ನೋಡತೀನ್ರಿ."

ಆ ಕಡೆ ಫೋನನ್ನು ಸರಿಯಾಗಿ ಆರಿಸಿರಲಿಲ್ಲ. ಬಟ್ಟೆಯ ಸರಬರ ಕೇಳಿತು, ಆಮೇಲೆ ದಾನಮ್ಮನ ಏದುಸಿರು.

"ಕೊಳ್ಳಾಗ ಕೈ ಹಾಕಿ ಗಟ್ಟಿ ಹಿಡಕೋರಿ ಅತ್ತಿ. ಏನ್ ಭಾರ ಆಗೀರಿ!"

"ಎಂಟು ವರ್ಷ ಕುಂದ್ರಿಸಿ ಉಣ್ಣಾಕ ಹಾಕಿದಾಕಿ ನೀನ ಅಲ್ಲೇನ? ಹೊರು ಈಗ."

ಸುನಂದಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿದ ಸದ್ದು ಬಂತು. ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೊಂದು ಹೆಜ್ಜೆ ಸರಿಯಿತು.